ಅಂಗಳದ ದೀಪಕ್ಕೆ ಇನ್ನೊಂದು ವೈರ್

ರಾತ್ರಿ ಹತ್ತೂವರೆ. ಸಾಗರ ತಾಲ್ಲೂಕಿನ ನಮ್ಮ ಮನೆಯ ಅಂಗಳದಲ್ಲಿ ಎಂಟು ಜನ ಮೆಟ್ಟುಗತ್ತಿ ಏರಿ ಅಡಿಕೆ ಸುಲಿಯುತ್ತಿದ್ದರು. ಮಾತು ಕೊಳೆರೋಗದಲ್ಲಿ ಶುರುವಾಗಿ ಯಾರದೋ ಮದುವೆಯ ಊಟಕ್ಕೆ ಹೊರಳಿ, ಅಲ್ಲಿಗೇ ನಿಂತು, ಎಲ್ಲರೂ ಸುಮ್ಮನಾಗಿದ್ದರು. ಆಡುತ್ತಿದ್ದದ್ದು ಬೆರಳು ಮಾತ್ರ. ಟಪ್ ಎಂದು ದೀಪ ಹೋಯಿತು.

'ಕರೆಂಟು ಹೋತು' ಎಂದರು ಯಾರೋ. ಹೋಗಿರಲಿಲ್ಲ, ಒಳಗೆ ಟಿವಿ ಮಾತಾಡುತ್ತಲೇ ಇತ್ತು. ಕತ್ತಿಯ ಅಲಗಿಗೆ ನಾಲ್ಕು ಬೆರಳು ದೂರದಲ್ಲಿ ಕೈಯಿಟ್ಟುಕೊಂಡ ಎಂಟು ಜನ ಕತ್ತಲಲ್ಲಿ ಕದಲದೆ ಕೂತರು. ಕದಲದಿದ್ದದ್ದರಿಂದಲೇ ದೀಪ ಬರಲಿಲ್ಲ. ಕೊನೆಗೆ ದೊಡ್ಡಪ್ಪ ಎದ್ದು ಕೈ ಬೀಸಿದರು, ದೀಪ ಬಂತು. ಮೂರು ನಿಮಿಷಕ್ಕೆ ಮತ್ತೆ ಹೋಯಿತು. ಆ ರಾತ್ರಿ ಅಣ್ಣನ ಮಗನಿಗೆ ಒಂದು ಉದ್ಯೋಗ ಸಿಕ್ಕಿತು: ಎರಡೂವರೆ ನಿಮಿಷಕ್ಕೊಮ್ಮೆ ಎದ್ದು ಅಂಗಳದ ತುದಿ ಮುಟ್ಟಿ ಓಡಿ ಬರುವುದು.

ಆ ಸೆನ್ಸರ್ ಬೆಂಗಳೂರಿನಿಂದ ಹೊತ್ತು ತಂದವನು ನಾನೇ. ದೀಪಾವಳಿಗೆ ಊರಿಗೆ ಹೋದಾಗ ಹಳೆಯ ಬಲ್ಬಿನ ವೈರ್ ಕತ್ತರಿಸಿ ನಡುವೆ ಇದನ್ನು ಸೇರಿಸಿ, ಮನೆಯವರನ್ನೆಲ್ಲ ಅಂಗಳದಲ್ಲಿ ನಡೆಸಿ, ದೀಪ ಹತ್ತುವುದನ್ನು ತೋರಿಸಿ, ಮೆಚ್ಚುಗೆ ಪಡೆದು ವಾಪಸು ಬಂದಿದ್ದೆ. ನಡೆದಾಗ ಹತ್ತುವುದನ್ನು ಎಲ್ಲರೂ ನೋಡಿದ್ದರು. ಕೂತಾಗ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. 'ಎಂತ ಮಾರಾಯ, ನಮ್ಮ ಅಂಗಳದ ದೀಪ ಹಾಕೂದಕ್ಕೆ ನಾವು ಕುಣಿಯಬೇಕ?' ಎಂದು ದೊಡ್ಡಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ಸೆನ್ಸರ್ ಹಾಕುವುದು ಸುಲಭ. ಅದರ ಮಾತನ್ನು ಮೀರುವ ಒಂದು ಸ್ವಿಚ್ಚು ಮನುಷ್ಯನ ಕೈಯಲ್ಲಿ ಉಳಿಸುವುದಕ್ಕೆ ಮಾತ್ರ ಪೈಪಿನಲ್ಲಿ ಇನ್ನೊಂದು ವೈರ್ ಬೇಕು. ಮನೆ ಕಟ್ಟುವಾಗ ಆ ವೈರ್ ಎಳೆದಿರುವುದಿಲ್ಲ.

ಮೊದಲು ಈ ಸೆನ್ಸರ್ ನೋಡುವುದಾದರೂ ಏನನ್ನು? ಗೋಡೆಗೆ ಹಾಕುವ, ಎದುರಿಗೆ ಬಿಳಿಯ ಗುಳಿಗುಳಿ ಪ್ಲಾಸ್ಟಿಕ್ ಮುಖವಿರುವ ಈ ಡಬ್ಬಿಯನ್ನು ಅಂಗಡಿಯಲ್ಲಿ ಪಿಐಆರ್ ಎನ್ನುತ್ತಾರೆ. ಅದು ಏನನ್ನೂ ಹೊರಗೆ ಬಿಡುವುದಿಲ್ಲ, ಬಂದದ್ದನ್ನು ಪಡೆಯುತ್ತದೆ ಅಷ್ಟೆ. ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಅವಕೆಂಪು ಕಿರಣ ಸೂಸುತ್ತದೆ. ಮನುಷ್ಯನ ಮೈ ಬಿಸಿಗೆ ಈ ಕಿರಣ ಅತಿ ಹೆಚ್ಚಾಗಿ ಹೊರಡುವುದು 9ರಿಂದ 10 ಮೈಕ್ರೊಮೀಟರ್ ತರಂಗಾಂತರದಲ್ಲಿ, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ. ಡಬ್ಬಿಯ ಒಳಗೆ ಒಂದು ಚಿಕ್ಕ ಲೋಹದ ಟೋಪಿ, ಅದರೊಳಗೆ ಎರಡು ಚೂರು ಹರಳು ಅಥವಾ ಸೆರಾಮಿಕ್. ಈ ಚೂರುಗಳ ಬಿಸಿ ಬದಲಾದರೆ ಅವುಗಳ ಮೈಮೇಲೆ ವಿದ್ಯುದಂಶ ಮೂಡುತ್ತದೆ. ಬಿಸಿ ಇದ್ದರೆ ಅಲ್ಲ, ಬದಲಾದರೆ. ಅಡಿಕೆ ಸುಲಿಯುವವರ ಸಂಕಟದ ಬೇರು ಆ ಒಂದು ಪದದಲ್ಲಿದೆ.

ಹರಳಿನ ಈ ಗುಣ ಹೊಸದಾಗಿ ಕಂಡದ್ದಲ್ಲ. 18ನೇ ಶತಮಾನದ ಆರಂಭದಲ್ಲಿ ಡಚ್ಚರು ಸಿಂಹಳದಿಂದ ಟೂರ್ಮಲೀನ್ ಎಂಬ ಹರಳನ್ನು ಯುರೋಪಿಗೆ ಒಯ್ದರು. ಕೆಂಡದ ಬಳಿ ಬಿಸಿಯಾದ ಹರಳು ಬೂದಿಯನ್ನು ತನ್ನತ್ತ ಸೆಳೆಯುವುದನ್ನು ನೋಡಿ ಅದಕ್ಕೆ 'ಬೂದಿ ಎಳೆಯುವ ಕಲ್ಲು' ಎಂಬರ್ಥದ ಹೆಸರಿಟ್ಟರು. ಚಿಲುಮೆಯ ಬೂದಿ ತೆಗೆಯಲು ಬಳಸುತ್ತಿದ್ದರಂತೆ. ಟೂರ್ಮಲೀನ್ ಎಂಬ ಹೆಸರೇ ಸಿಂಹಳದ 'ತೋರಮಲ್ಲಿ'ಯಿಂದ ಬಂದದ್ದು. ನೆರೆಮನೆಯ ಕಲ್ಲು ಊರೆಲ್ಲ ಸುತ್ತಿ ಚೀನಾದ ಡಬ್ಬಿಯೊಳಗೆ ಕೂತು ನಮ್ಮ ಮಾಡಿನಡಿಗೆ ಬಂದಿದೆ ಎಂದುಕೊಳ್ಳಬಹುದು. ಒಳಗಿರುವುದು ಅದೇ ಕಲ್ಲಲ್ಲ, ಅದೇ ಗುಣವಿರುವ ಕೃತಕ ಚೂರು.

ಎರಡು ಚೂರು ಯಾಕೆ? ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಸಂಜೆಯ ಬಿಸಿಲು ಇಳಿದು ಇಡೀ ಅಂಗಳ ಒಟ್ಟಿಗೇ ತಣಿದರೆ ಎರಡೂ ಸಮನಾಗಿ ಬದಲಾಗಿ ಲೆಕ್ಕ ಸೊನ್ನೆಯಾಗುತ್ತದೆ. ಮನುಷ್ಯ ಅಡ್ಡ ನಡೆದರೆ ಮೊದಲು ಒಂದಕ್ಕೆ ಕಾಣುತ್ತಾನೆ, ಆಮೇಲೆ ಇನ್ನೊಂದಕ್ಕೆ. ಆ ಏರಿಳಿತವೇ 'ಯಾರೋ ಬಂದರು' ಎಂಬ ಸುದ್ದಿ. ಎದುರಿನ ಗುಳಿಗುಳಿ ಪ್ಲಾಸ್ಟಿಕ್ ಅಂದಕ್ಕೆ ಇರುವುದಲ್ಲ. ಅದು ಹತ್ತಾರು ಪುಟ್ಟ ಮಸೂರಗಳ ಹಾಳೆ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ರೂಪಿಸಿದ ತೆಳು ಮಸೂರದ ಮೊಮ್ಮಕ್ಕಳು. ಒಂದೊಂದು ಗುಳಿಯೂ ಅಂಗಳದ ಒಂದೊಂದು ಪಟ್ಟಿಯನ್ನು ಕಾಯುತ್ತದೆ. ಪಟ್ಟಿಗಳ ನಡುವೆ ಏನೂ ಕಾಣದ ಜಾಗವೂ ಇರುತ್ತದೆ, ಅದು ಬೇಕೆಂದೇ ಬಿಟ್ಟದ್ದು. ಪಟ್ಟಿಯಿಂದ ಪಟ್ಟಿಗೆ ದಾಟಿದರೆ ಮಾತ್ರ ಬಿಸಿ ಏರಿಳಿಯುತ್ತದೆ. ದೂರ ಹೋದಂತೆ ಪಟ್ಟಿಗಳು ಅಗಲವಾಗುತ್ತವೆ. ಎಂಟು ಮೀಟರ್ ದೂರದಲ್ಲಿ ಕೂತು ಬೆರಳು ಆಡಿಸುವವನು ಒಂದೇ ಪಟ್ಟಿಯೊಳಗೆ ಇದ್ದುಬಿಡುತ್ತಾನೆ, ಕಂಬದ ಹಾಗೆ.

ಈ ತಿಳಿವಳಿಕೆಯಿಂದ ಸೆನ್ಸರ್ ಎಲ್ಲಿ ಹಾಕಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಗೇಟಿಗೆ ಸರಿಯಾಗಿ ಎದುರಾಗಿ ಹಾಕುವುದು. ಗೇಟಿನಿಂದ ನೇರ ಬಾಗಿಲ ಕಡೆ ಬರುವವನು ಒಂದೇ ಪಟ್ಟಿಯ ಉದ್ದಕ್ಕೂ ನಡೆದು ಬರುತ್ತಾನೆ, ಮೆಟ್ಟಿಲು ಹತ್ತುವವರೆಗೂ ದೀಪಕ್ಕೆ ಗೊತ್ತಾಗುವುದಿಲ್ಲ. ಪಕ್ಕದ ಮೂಲೆಯಲ್ಲಿ, ಬರುವವನು ಅಡ್ಡ ಹಾಯುವಂತೆ, ನೆಲದಿಂದ ಎರಡು ಎರಡೂವರೆ ಮೀಟರ್ ಎತ್ತರದಲ್ಲಿ ಹಾಕಿದರೆ ಒಳ್ಳೆಯದು. ಡಬ್ಬಿಯ ಮೇಲೆ 12 ಮೀಟರ್ ಎಂದು ಬರೆದಿದ್ದರೆ ಅದು ಅಡ್ಡ ನಡೆಯುವವನಿಗೆ, ಅದೂ ತಂಪು ರಾತ್ರಿಯಲ್ಲಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಸಂಜೆಗಳಲ್ಲಿ ಗೋಡೆಯೂ ನೆಲವೂ ಮೈ ಬಿಸಿಯ ಹತ್ತಿರಕ್ಕೆ ಬಂದಿರುತ್ತವೆ. ಹಿನ್ನೆಲೆಗೂ ಮನುಷ್ಯನಿಗೂ ವ್ಯತ್ಯಾಸ ಕಾಣದೆ ಅಲ್ಲಿನ ಸೆನ್ಸರ್ ಹತ್ತಿರದವರನ್ನೂ ಬಿಟ್ಟುಬಿಡುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಬೇಸಿಗೆಯಲ್ಲಿ ಕಿತ್ತೆಸೆದವರು ಮಳೆಗಾಲದವರೆಗೆ ಕಾದಿದ್ದರೆ ಅದು ಸರಿಯಾಗುತ್ತಿತ್ತು.

ಗಾಜಿನ ಹಿಂದೆ ಇಟ್ಟರೆ ಅದು ಕುರುಡು. ನಮ್ಮ ಕಣ್ಣಿಗೆ ಪಾರದರ್ಶಕವಾದ ಗಾಜು ಈ ಕಿರಣಕ್ಕೆ ಗೋಡೆ ಇದ್ದಂತೆ. ನಮಗೆ ಮಸುಕಾಗಿ ಕಾಣುವ ಆ ಬಿಳಿ ಪಾಲಿಥಿನ್ ಮುಖವೇ ಅದಕ್ಕೆ ಕಿಟಕಿ. ಹಾಗೆಯೇ ಬಚ್ಚಲೊಲೆಯ ಹೊಗೆಗೂಡಿನ ಪಕ್ಕ ಹಾಕಬಾರದು. ನಮ್ಮಲ್ಲಿ ಅಡಿಕೆ ಬೇಯಿಸುವ ಹಂಡೆಯ ಆವಿ ಗಾಳಿಗೆ ಹೊರಳಿದಾಗಲೆಲ್ಲ ದೀಪ ಹತ್ತುತ್ತಿತ್ತು. ಚೊಗರಿನ ಆವಿಯನ್ನು ಸೆನ್ಸರ್ ನೆಂಟನೆಂದು ತಿಳಿಯಿತು. ಬಿಸಿಲಿಗೆ ಕಾದ ಬಾಳೆ ಎಲೆ ಸಂಜೆ ಗಾಳಿಗೆ ತೂಗಿದರೂ ಅಷ್ಟೆ. ಮುಖದ ಮೇಲೆ ಹಲ್ಲಿ ಹರಿದರೆ ಅದಕ್ಕೆ ಆನೆ ಬಂದಷ್ಟು ಗಾಬರಿ. ದೀಪದ ಬೆಳಕು ಸೆನ್ಸರ್ ಮೇಲೆಯೇ ಬೀಳುವಂತಿದ್ದರೆ ಇನ್ನೊಂದು ತಮಾಷೆ. ಹಗಲು ರಾತ್ರಿ ಗುರುತಿಸುವ ಕಣ್ಣೊಂದು ಅದರಲ್ಲಿರುತ್ತದಲ್ಲ, ದೀಪ ಹತ್ತಿದೊಡನೆ ಅದು ಹಗಲಾಯಿತೆಂದು ತಿಳಿದು ಆರಿಸುತ್ತದೆ, ಆರಿದೊಡನೆ ರಾತ್ರಿಯಾಯಿತೆಂದು ಮತ್ತೆ ಕಾಯುತ್ತದೆ. ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಮಿನುಗುತ್ತ ಕೂರುತ್ತದೆ.

ಹಾವಿನ ಮಾತು. ಮಲೆನಾಡಿನಲ್ಲಿ ಹೊರಗಿನ ದೀಪ ಬೇಕೆನ್ನುವವರಲ್ಲಿ ಹಲವರು ಹೇಳುವ ಕಾರಣ ಕಳ್ಳನಲ್ಲ, ಹಾವು. ಆದರೆ ಪಿಐಆರ್ ಹಾವನ್ನು ಕಾಣುವುದಿಲ್ಲ. ಹಾವಿನ ಮೈ ಅದು ಹರಿಯುವ ನೆಲದಷ್ಟೇ ತಂಪು. ದೀಪ ಹತ್ತುವುದು ಕೊಟ್ಟಿಗೆಗೆ ಹೊರಟ ನಿಮಗಾಗಿ. ಆ ಬೆಳಕಿನಲ್ಲಿ ಹಾವು ನೋಡಿಕೊಳ್ಳುವುದು ನಿಮ್ಮ ಕೆಲಸ. ಇದರ ತಿರುವು ಏನೆಂದರೆ, ಪಶ್ಚಿಮ ಘಟ್ಟದ ಗುಳಿಮಂಡಲದ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿ ಬಿಸಿಯನ್ನು ಗ್ರಹಿಸುವ ಅಂಗ. ನಮ್ಮ ಸೆನ್ಸರಿಗೆ ಕಾಣದ ಹಾವು, ತನ್ನದೇ ಸೆನ್ಸರಿನಿಂದ ಕತ್ತಲಲ್ಲಿ ಇಲಿಯನ್ನು ಕಾಣುತ್ತದೆ.

ರೇಡಾರ್ ಎಂಬ ಹೆಸರಿನಲ್ಲಿ ಸಿಗುವ ಇನ್ನೊಂದು ಬಗೆಯ ಸೆನ್ಸರ್ ಇದೆ. ಅದು ಸಾಮಾನ್ಯವಾಗಿ 5.8 ಗಿಗಾಹರ್ಟ್ಸಿನ ಮೈಕ್ರೋವೇವ್ ಬಿಟ್ಟು, ಮರಳಿದ ಅಲೆ ಬದಲಾಗಿದೆಯೇ ಎಂದು ನೋಡುತ್ತದೆ. ಚಿಕ್ಕ ಕದಲಿಕೆಯನ್ನೂ ಹಿಡಿಯುತ್ತದೆ, ಬೇಸಿಗೆ ಎಂದು ಮಂಕಾಗುವುದಿಲ್ಲ. ಆದರೆ ತೆಳು ಗೋಡೆಯಾಚೆಯೂ ಕಾಣುವುದರಿಂದ ರಸ್ತೆಯ ಬೈಕಿಗೂ, ಸುರಿಯುವ ಮಳೆಗೂ ಹತ್ತುತ್ತದೆ. ಒಳಗಿನ ಮೆಟ್ಟಿಲಿಗೆ, ಕಾರು ನಿಲ್ಲಿಸುವ ನೆಲಮಹಡಿಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ಅಂಗಳಕ್ಕಲ್ಲ.

ಇನ್ನು ವೈರಿಂಗ್. ಹಳೆಯ ಮನೆಗಳಲ್ಲಿ ಹೊರಗಿನ ಲೈಟ್ ಪಾಯಿಂಟಿಗೆ ಹೋಗುವುದು ಎರಡೇ ವೈರ್: ಸ್ವಿಚ್ಚಿನಿಂದ ಬಂದ ಫೇಸ್ ಒಂದು, ನ್ಯೂಟ್ರಲ್ ಒಂದು. ಅರ್ಥ್ ಇದ್ದರೆ ಪುಣ್ಯ. ಸೆನ್ಸರಿಗೆ ಮೂರು ಬಾಲ: ಫೇಸ್ ಒಳಗೆ, ನ್ಯೂಟ್ರಲ್ ಒಳಗೆ, ದೀಪಕ್ಕೆ ಹೋಗುವ ಫೇಸ್ ಹೊರಗೆ. ಇರುವ ಎರಡು ವೈರನ್ನು ಸೆನ್ಸರಿಗೆ ಕೊಟ್ಟು, ಅದರಿಂದ ದೀಪಕ್ಕೆ ಕೊಟ್ಟರೆ ಕೆಲಸ ಮುಗಿಯಿತು. ನಾನು ಮಾಡಿದ್ದು ಇದನ್ನೇ, ಹೆಚ್ಚಿನವರು ಮಾಡುವುದೂ ಇದನ್ನೇ. ಈ ಜೋಡಣೆಯಲ್ಲಿ ಒಳಗಿನ ಸ್ವಿಚ್ಚಿಗೆ ಉಳಿಯುವ ಅಧಿಕಾರ ಒಂದೇ, ಸೆನ್ಸರನ್ನು ಕೊಲ್ಲುವುದು. ಆರಿಸಬಹುದು, ಹಾಕಲಾಗದು. ಹಾಕಿದರೆ ಸೆನ್ಸರ್ ಎಚ್ಚರವಾಗುತ್ತದೆಯೇ ಹೊರತು ದೀಪ ಹತ್ತಿ ನಿಲ್ಲುವುದಿಲ್ಲ.

ದೀಪ ನಮ್ಮ ಮಾತಿಗೆ ಹತ್ತಿ ನಿಲ್ಲಬೇಕಾದರೆ ಸೆನ್ಸರನ್ನು ಸುತ್ತುಹಾಕಿ ಹೋಗುವ ಇನ್ನೊಂದು ದಾರಿ ಬೇಕು. ಬೋರ್ಡಿನಲ್ಲಿ ಎರಡು ಸಾದಾ ಸ್ವಿಚ್ಚು ಇರಲಿ. ಒಂದೇ ಫೇಸನ್ನು ಎರಡಕ್ಕೂ ಲೂಪ್ ಮಾಡಿ. ಮೊದಲನೇ ಸ್ವಿಚ್ಚಿನಿಂದ ಹೊರಟ ವೈರ್ ಸೆನ್ಸರಿನ ಒಳಬಾಲಕ್ಕೆ. ಎರಡನೇ ಸ್ವಿಚ್ಚಿನಿಂದ ಹೊರಟ ವೈರ್ ನೇರ ದೀಪಕ್ಕೆ. ಸೆನ್ಸರಿನ ಹೊರಬಾಲವೂ ಅಲ್ಲೇ ಬಂದು ಸೇರುತ್ತದೆ. ನ್ಯೂಟ್ರಲ್ ಇಬ್ಬರಿಗೂ ಒಂದೇ. ಎರಡೂ ಸ್ವಿಚ್ಚು ಆಫ್ ಆದರೆ ಪೂರ್ತಿ ಕತ್ತಲೆ. ಮೊದಲನೆಯದು ಮಾತ್ರ ಹಾಕಿದರೆ ಸೆನ್ಸರಿನ ರಾಜ್ಯ. ಎರಡನೆಯದನ್ನು ಹಾಕಿದರೆ ಸೆನ್ಸರ್ ಏನೇ ಅಂದುಕೊಳ್ಳಲಿ, ದೀಪ ಉರಿಯುತ್ತದೆ. ಫೇಸ್ ಎರಡು, ನ್ಯೂಟ್ರಲ್, ಅರ್ಥ್ ಸೇರಿ ಪೈಪಿನಲ್ಲಿ ನಾಲ್ಕು ವೈರ್ ಆಯಿತು. ಸೆನ್ಸರ್ ಮಾತ್ರ ಇದ್ದರೆ ಮೂರು ಸಾಕಿತ್ತು. ವ್ಯತ್ಯಾಸ ಒಂದೇ ವೈರ್, ಹತ್ತು ಹನ್ನೆರಡು ಮೀಟರಿನದು. ಮನೆ ಕಟ್ಟುವಾಗ ಅದನ್ನು ಎಳೆಯಲು ಐದು ನಿಮಿಷ ಸಾಕು. ಗಿಲಾವು, ಪುಟ್ಟಿ, ಬಣ್ಣ ಎಲ್ಲ ಆದಮೇಲೆ ಗೋಡೆ ಸೀಳಬೇಕು. ಹಾಗಾಗಿ, ಸೆನ್ಸರ್ ಹಾಕುವ ಯೋಚನೆ ಈಗ ಇಲ್ಲದಿದ್ದರೂ, ಹೊಸ ಮನೆಯ ಪ್ರತಿ ಹೊರ ಪಾಯಿಂಟಿಗೂ ನಾಲ್ಕು ವೈರ್ ಎಳೆಸಿ, ಒಂದನ್ನು ತುದಿಗೆ ಟೇಪು ಸುತ್ತಿ ಬಿಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಗೃಹಪ್ರವೇಶಕ್ಕೆ ಕರೆದವರೂ ಈಗ ನನ್ನನ್ನು ಬೋರ್ಡಿನ ಹತ್ತಿರ ಬಿಡುವುದಿಲ್ಲ.

ಇದನ್ನೇ ಮೆಟ್ಟಿಲಿಗೆ ಬಳಸುವ ಟೂ ವೇ ಸ್ವಿಚ್ಚಿನಿಂದಲೂ ಮಾಡಬಹುದು. ಫೇಸ್ ನಡುವಿನ ಸ್ಕ್ರೂಗೆ, ಒಂದು ಕಡೆ ಸೆನ್ಸರಿಗೆ, ಇನ್ನೊಂದು ಕಡೆ ನೇರ ದೀಪಕ್ಕೆ, ಹಿಂದೆ ಪೂರ್ತಿ ಆರಿಸಲು ಒಂದು ಸಾದಾ ಸ್ವಿಚ್ಚು. ನೋಡಲು ಚೊಕ್ಕಟ. ಆದರೆ ನೇರಕ್ಕೆ ತಿರುಗಿಸಿದಾಗ ಸೆನ್ಸರಿಗೆ ಕರೆಂಟು ತಪ್ಪುತ್ತದೆ, ವಾಪಸು ಬಂದಾಗ ಅದು ಎಚ್ಚರಗೊಂಡು ನೆಲೆಗೊಳ್ಳಲು ಅರ್ಧ ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಯಾರೂ ಇಲ್ಲದಿದ್ದರೂ ದೀಪ ಉರಿಯುತ್ತದೆ. ಕರೆಂಟು ಹೋಗಿ ಬಂದಾಗಲೂ ಹೀಗೇ. ಸೆನ್ಸರ್ ಒಳಗೇ ಇರುವ ಕೆಲವು ದೀಪಗಳಲ್ಲಿ ಸ್ವಿಚ್ಚನ್ನು ಬೇಗಬೇಗ ಎರಡು ಸಲ ಆಫ್ ಆನ್ ಮಾಡಿದರೆ ದೀಪ ಹತ್ತಿ ನಿಲ್ಲುವ ಉಪಾಯ ಇಟ್ಟಿರುತ್ತಾರೆ. ಹೆಚ್ಚಿನ ವೈರ್ ಬೇಡ, ಜಾಣತನವೇ ಸರಿ. ಆದರೆ ಮಳೆಗಾಲದಲ್ಲಿ ನಮ್ಮ ಹಳ್ಳಿಯ ಲೈನು ತಾನೇ ಎರಡು ಸಲ ಕಣ್ಣು ಮಿಟುಕಿಸುತ್ತದೆ!

ಈಗ ಬಣ್ಣದ ವಿಷಯ. ಇಲ್ಲಿ ಸ್ವಲ್ಪ ನಿಂತು ಓದಿ. ಹೆಚ್ಚಿನ ಸೆನ್ಸರ್‌ಗಳ ಬಾಲ ಕಂದು, ನೀಲಿ, ಕೆಂಪು. ಕಂದು ಫೇಸ್, ನೀಲಿ ನ್ಯೂಟ್ರಲ್, ಕೆಂಪು ದೀಪಕ್ಕೆ ಹೋಗುವುದು. ನಮ್ಮ ಮನೆಗಳ ಗೋಡೆಯೊಳಗಿನ ಭಾಷೆ ಬೇರೆ. ನಮ್ಮಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಮೂರು ಫೇಸಿನ ಮನೆಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸೇ. ಅಂದರೆ ಸೆನ್ಸರ್ ನ್ಯೂಟ್ರಲ್ ಎನ್ನುವ ನೀಲಿ, ನಮ್ಮ ಪೈಪಿನಲ್ಲಿ ಜೀವ ತೆಗೆಯುವ ಫೇಸ್ ಆಗಿರಬಹುದು. ಕೆಂಪಿಗೆ ಕೆಂಪು ಎಂದು ಜೋಡಿಸಿದರೆ ಸೆನ್ಸರ್ ಕೆಲಸ ಮಾಡುವುದಿಲ್ಲ ಅಷ್ಟೆ. ನೀಲಿಗೆ ನೀಲಿ ಎಂದು ಜೋಡಿಸಿದರೆ 230 ವೋಲ್ಟಿನ ಸೆನ್ಸರಿಗೆ ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ಬಡಿದು ಸುಟ್ಟೇ ಹೋಗುತ್ತದೆ. ಬಣ್ಣವನ್ನು ನಂಬಬೇಡಿ, ಡಬ್ಬಿಯೊಳಗಿನ ಚಿತ್ರವನ್ನೂ, ಮೀಟರನ್ನೂ ನಂಬಿ. ಹಳೆಯ ಮನೆಯಲ್ಲಿ ವೈರ್ ಎಳೆದವರ ಕೈಯಲ್ಲಿ ಆ ದಿನ ಯಾವ ಸುರುಳಿ ಉಳಿದಿತ್ತೋ ಅದೇ ಬಣ್ಣ ಒಳಗಿರುತ್ತದೆ.

ಬಣ್ಣಕ್ಕಿಂತ ಅಪಾಯದ್ದು ಇನ್ನೊಂದಿದೆ, ಅದು ಇನ್ವರ್ಟರ್ ಇರುವ ಮನೆಗಳದು. ಅಂದರೆ ಹೆಚ್ಚುಕಡಿಮೆ ನಮ್ಮೆಲ್ಲರದು. ಬೋರ್ಡಿನಲ್ಲಿ ಮೇನ್ ಲೈನ್ ಒಂದು, ಇನ್ವರ್ಟರ್ ಲೈನ್ ಒಂದು ಅಕ್ಕಪಕ್ಕ ಇರುತ್ತವೆ. ಸೆನ್ಸರಿಗೆ ಮೇನ್ ಲೈನು, ನೇರ ಸ್ವಿಚ್ಚಿಗೆ ಹತ್ತಿರವಿದ್ದ ಇನ್ವರ್ಟರ್ ಲೈನು ಕೊಟ್ಟರೆ ನೋಡಲು ಎಲ್ಲ ಸರಿಯಾಗೇ ಕೆಲಸ ಮಾಡುತ್ತದೆ. 'ಕರೆಂಟು ಹೋದಾಗಲೂ ಸ್ವಿಚ್ ಹಾಕಿದ್ರೆ ಉರೀತದೆ ಸಾರ್' ಎಂದು ಹುಡುಗ ಹೆಮ್ಮೆಯಿಂದ ತೋರಿಸಿಯೂ ಹೋಗಬಹುದು. ಆದರೆ ಸೆನ್ಸರಿನೊಳಗೆ ಸ್ವಿಚ್ಚಿನ ಕೆಲಸ ಮಾಡುವ ರಿಲೇ ಕೂಡಿಕೊಂಡಿರುವ ಹೊತ್ತಿನಲ್ಲಿ ನೇರ ಸ್ವಿಚ್ಚೂ ಆನ್ ಆಗಿದ್ದರೆ, ದೀಪದ ಬುಡದಲ್ಲಿ ಎರಡು ಲೈನ್ ಒಂದಕ್ಕೊಂದು ಕೂಡುತ್ತವೆ. ಆಗ ಹೊರಗಿನ ಕರೆಂಟು ಹೋಯಿತೆನ್ನಿ. ಇನ್ವರ್ಟರಿನ ಕರೆಂಟು ಆ ಬೆರಳುಗಾತ್ರದ ರಿಲೇ ಮೂಲಕ ಹಿಮ್ಮುಖವಾಗಿ ಮೇನ್ ಲೈನಿಗೆ ನುಗ್ಗುತ್ತದೆ. ಸೆನ್ಸರಿಗೂ ಅದೇ ಕರೆಂಟು ಸಿಗುವುದರಿಂದ ರಿಲೇ ತಕ್ಷಣ ಬಿಡುವುದೂ ಇಲ್ಲ. ಇನ್ವರ್ಟರ್ ಓವರ್‌ಲೋಡ್ ಎಂದು ಕೂಗಿ ನಿಂತರೆ ಬಚಾವು. ನಿಲ್ಲದಿದ್ದರೆ ಲೈನು ಸತ್ತಿದೆ ಎಂದು ಕಂಬ ಹತ್ತಿದ ಲೈನ್‌ಮ್ಯಾನ್‌ ಕೈಗೇ ಅದು ತಲುಪಬಹುದು. ಕರೆಂಟು ವಾಪಸು ಬಂದರೆ ಇನ್ವರ್ಟರಿನ ಬಾಯಿಗೇ ಮೇನ್ಸ್ ಹೊಕ್ಕು ಅದು ಹೊಗೆಯಾಡುತ್ತದೆ. ಮೂರು ಫೇಸಿನ ಮನೆಯಲ್ಲಿ ಎರಡು ಸ್ವಿಚ್ಚಿಗೂ ಬೇರೆಬೇರೆ ಫೇಸ್ ಕೊಟ್ಟಿದ್ದರಂತೂ ರಿಲೇ ಕೂಡಿದ ಕ್ಷಣವೇ ನೇರ ಶಾರ್ಟ್. ಹಾಗಾಗಿ ಈ ಇಡೀ ಲೇಖನದಲ್ಲಿ ಒಂದು ವಾಕ್ಯವನ್ನು ಎಲೆಕ್ಟ್ರಿಷಿಯನ್ ಎದುರು ಓದಿ ಹೇಳುವುದಾದರೆ ಇದನ್ನು ಹೇಳಿ: ಸೆನ್ಸರಿಗೂ ನೇರ ಸ್ವಿಚ್ಚಿಗೂ ಫೇಸ್ ಒಂದೇ ಎಂಸಿಬಿಯಿಂದ ಬರಬೇಕು. ಇನ್ವರ್ಟರ್ ಬೇಕೆಂದರೆ ಎರಡಕ್ಕೂ ಇನ್ವರ್ಟರ್ ಲೈನೇ ಇರಲಿ.

ನ್ಯೂಟ್ರಲ್ಲಿಗೂ ಇದೇ ಶಿಸ್ತು ಬೇಕು. ಬೆಂಗಳೂರಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ರಾತ್ರಿ ಗೇಟಿನ ಬಳಿ ಯಾರಾದರೂ ನಡೆದರೆ ಹೊರಗಿನ ದೀಪ ಒಂದು ಕ್ಷಣ ಮಿಂಚಿ, ಇಡೀ ಮನೆ ಕತ್ತಲಾಗುತ್ತಿತ್ತು. ಕಳ್ಳನಿಗೆ ಬೆಳಕು ತೋರಿಸಲೆಂದು ಹಾಕಿಸಿದ ಯಂತ್ರ ಮನೆಯವರಿಗೆ ಕತ್ತಲೆ ಕೊಡುತ್ತಿತ್ತು. ಫೇಸ್ ಆರ್‌ಸಿಸಿಬಿ ಮೂಲಕ ಬಂದಿತ್ತು, ನ್ಯೂಟ್ರಲ್ಲನ್ನು ಪಕ್ಕದ ಬೇರೆ ಲೈನಿನಿಂದ ಎರವಲು ತಂದಿದ್ದರು. ಆರ್‌ಸಿಸಿಬಿ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ತಾಳೆ ನೋಡುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರಿನದಕ್ಕೆ ಅಷ್ಟು ವ್ಯತ್ಯಾಸ ಕಂಡರೆ ಸಾಕು, ಕರೆಂಟು ಎಲ್ಲೋ ಮನುಷ್ಯನ ಮೈಮೂಲಕ ಹರಿಯುತ್ತಿದೆ ಎಂದು ತಿಳಿದು ಬಿಟ್ಟುಬಿಡುತ್ತದೆ. 230 ವೋಲ್ಟಿನಲ್ಲಿ 9 ವ್ಯಾಟಿನ ಬಲ್ಬು ಎಳೆಯುವುದೇ 40 ಮಿಲಿಆಂಪಿಯರ್, ಕೆಲವು ಬಲ್ಬುಗಳಲ್ಲಿ ಇನ್ನೂ ಹೆಚ್ಚು. ಹೋದದ್ದು ಮರಳಿ ಬರಲಿಲ್ಲ, ಮೇನ್ ಬಿತ್ತು. ಗೆಳೆಯರು ಮೂರು ತಿಂಗಳು ಸೆನ್ಸರನ್ನು ಬೈದಿದ್ದರು. ತಪ್ಪು ಅದರದ್ದಾಗಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೊರಗಿನ ಡಬ್ಬಿಗೆ ವೈರ್ ಕೆಳಗಿನಿಂದ ಹೊಗಲಿ, ಹೊಗುವ ಮೊದಲು ಒಂದು ಗೇಣು ಜೋತುಬಿದ್ದಿರಲಿ. ಮಳೆನೀರು ವೈರ್ ಹಿಡಿದು ಬಂದರೂ ಜೋತಲ್ಲಿ ತೊಟ್ಟಿಕ್ಕುತ್ತದೆ. ಸಜ್ಜಾದ ಅಡಿಯಾದರೆ ನೀರು, ಧೂಳು ತಡೆಯುವ ಐಪಿ 44 ದರ್ಜೆ ಸಾಕು, ಬಯಲಿಗಾದರೆ 65. ಡಬ್ಬಿಯ ರಂಧ್ರ ಮುಚ್ಚದಿದ್ದರೆ ಇರುವೆ ಮೊದಲ ವರ್ಷವೇ ಒಳಗೆ ಮನೆ ಕಟ್ಟುತ್ತದೆ. ಡಬ್ಬಿಯ ಮೇಲೆ 1200 ವ್ಯಾಟ್ ಎಂದಿದ್ದರೆ ಅದು ಹಳೆಯ ಬುರುಡೆ ಬಲ್ಬಿನ ಲೆಕ್ಕ, ಎಲ್‌ಇಡಿಗೆ ಅದರ ಕಾಲು ಭಾಗ ಎಂದಿಟ್ಟುಕೊಳ್ಳಿ. ಎಲ್‌ಇಡಿ ಹತ್ತುವ ಕ್ಷಣದಲ್ಲಿ ಒಮ್ಮೆಗೇ ಹೆಚ್ಚು ಕರೆಂಟು ಎಳೆಯುತ್ತದೆ, ಸಾಲಾಗಿ ನಾಲ್ಕೈದು ಫ್ಲಡ್‌ಲೈಟ್ ಕೊಟ್ಟರೆ ರಿಲೇಯ ತುಟಿಗಳು ಬೆಸೆದುಕೊಂಡು ದೀಪ ಆರುವುದೇ ಇಲ್ಲ. ಸೆನ್ಸರ್ ಬಿಚ್ಚುವಾಗ ಮೊದಲನೇ ಸ್ವಿಚ್ ಆಫ್ ಮಾಡಿದೆ ಎಂದು ಕೈಹಾಕಬೇಡಿ. ಎರಡನೆಯದು ಆನ್ ಇದ್ದರೆ ಹೊರಬಾಲದಲ್ಲಿ ಫೇಸ್ ಕೂತಿರುತ್ತದೆ. ಎಂಸಿಬಿಯನ್ನೇ ಇಳಿಸಿ, ಟೆಸ್ಟರ್ ಇಟ್ಟು ನೋಡಿ. ಬೋರ್ಡಿನ ಒಳಗಿನ ಕೆಲಸವನ್ನು ಲೈಸೆನ್ಸ್ ಇರುವವರ ಕೈಗೇ ಬಿಡಿ. ಈ ಲೇಖನ ಅವರ ಪಕ್ಕ ನಿಂತು ಸರಿಯಾದ ಪ್ರಶ್ನೆ ಕೇಳುವುದಕ್ಕೆ.

ಉಳಿತಾಯ ಎಷ್ಟು ಎಂದು ಯಾರಾದರೂ ಕೇಳುತ್ತಾರೆ. 9 ವ್ಯಾಟಿನ ಬಲ್ಬು ದಿನಕ್ಕೆ 12 ಗಂಟೆ ಉರಿದರೆ ವರ್ಷಕ್ಕೆ ಸುಮಾರು 39 ಯೂನಿಟ್. ಸೆನ್ಸರ್ ಹಾಕಿ ದಿನಕ್ಕೆ ಒಂದು ಗಂಟೆ ಉರಿದರೆ 3 ಯೂನಿಟ್ ಚಿಲ್ಲರೆ. ಆದರೆ ಸೆನ್ಸರ್ ಹಗಲೂ ರಾತ್ರಿಯೂ ಎಚ್ಚರವಿರಲು ಅರ್ಧ ವ್ಯಾಟ್ ತಿನ್ನುತ್ತದೆಂದರೆ ಅದೇ 4 ಯೂನಿಟ್ ದಾಟುತ್ತದೆ. ಒಟ್ಟು ಉಳಿದದ್ದು 32 ಯೂನಿಟ್ ಆಸುಪಾಸು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಇನ್ನೂರು ರೂಪಾಯಿ ಮುಟ್ಟುವುದಿಲ್ಲ. 2023ರ ಜುಲೈನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯೊಳಗಿರುವ ಮನೆಗಳಿಗೆ ಅದೂ ಇಲ್ಲ. ಬಲ್ಬು 60 ವ್ಯಾಟ್ ಇದ್ದ ಕಾಲದ ವಾದವನ್ನು ಎಲ್‌ಇಡಿ ಕಾಲಕ್ಕೆ ಎಳೆದು ತರುವುದು ಬೇಡ. ಕೈತುಂಬ ಸಾಮಾನು ಹಿಡಿದು ಬಂದಾಗ ಬೀಗದ ಕಿಂಡಿ ಕಾಣುತ್ತದೆ, ಅಮ್ಮ ನಸುಕಿಗೆ ಕೊಟ್ಟಿಗೆಗೆ ಹೊರಟಾಗ ಗೋಡೆ ತಡವಬೇಕಿಲ್ಲ. ಹಾಕಿಸುವುದಾದರೆ ಅದಕ್ಕಾಗಿ ಹಾಕಿಸಿ.

ಮೀರುವ ಸ್ವಿಚ್ಚು ಅಂದರೆ ದೀಪ ಹಾಕುವುದಕ್ಕೆ ಮಾತ್ರ ಎಂದೂ ಅಲ್ಲ. ದೀಪಾವಳಿಯ ಸಂಜೆ ಅತ್ತಿಗೆ ಜಗಲಿಯಿಡೀ ಹಣತೆ ಹಚ್ಚಿ ಹಿಂದೆ ಸರಿದು ನೋಡುವಷ್ಟರಲ್ಲಿ ಫ್ಲಡ್‌ಲೈಟ್ ಧಗ್ಗನೆ ಹತ್ತಿದರೆ ಹಣತೆಗಳ ಗತಿ? ಮಳೆ ಶುರುವಾಗುವ ಮೊದಲಿನ ವಾರಗಳಲ್ಲಿ ತೋಟದ ಅಂಚಿನಲ್ಲಿ ಮಿಂಚುಹುಳಗಳು ಒಂದನ್ನೊಂದು ಕರೆಯುವುದು ಬೆಳಕಿನಿಂದಲೇ, ನಮ್ಮ ದೀಪ ಹತ್ತಿದರೆ ಅವುಗಳ ಮಾತು ನಿಲ್ಲುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದಾಗ ಹೊರಗೆ ಬೆಳಕಿದ್ದ ಮನೆಯ ಊಟ ಹೇಗಿರುತ್ತದೆಂದು ಉಂಡವರಿಗೇ ಗೊತ್ತು. ಅಂಥ ರಾತ್ರಿಗಳಿಗೆ ಎರಡೂ ಸ್ವಿಚ್ಚು ಕೆಳಗೆ. ಮೊಬೈಲಿನಲ್ಲೇ ಇದನ್ನೆಲ್ಲ ಮಾಡುವ ಸ್ವಿಚ್ಚುಗಳೂ ಬಂದಿವೆ. ನಮ್ಮಲ್ಲಿ ಸಿಗ್ನಲ್ಲು ಸಿಗುವುದು ತೋಟದ ಮೇಲಿನ ದಿಬ್ಬದಲ್ಲಿ; ದೀಪ ಹಾಕಲು ದಿಬ್ಬ ಹತ್ತುವುದಾದರೆ ಅಣ್ಣನ ಮಗ ಅಂಗಳದ ತುದಿಗೆ ಓಡುವುದೇ ಹತ್ತಿರ.

ಕಳೆದ ವರ್ಷ ಕೊನೆಕೊಯ್ಲಿಗೆ ಮುಂಚೆ ಊರಿಗೆ ಹೋಗಿ ಸಾಗರದಿಂದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನಾಲ್ಕು ವೈರ್ ಎಳೆಸಿದೆವು. ಗೋಡೆ ಸೀಳಲು ದೊಡ್ಡಪ್ಪ ಒಪ್ಪಲಿಲ್ಲ, ಜಗಲಿಯ ತೊಲೆಗುಂಟ ಪೈಪು ಹೋಯಿತು, ಕಾಣುತ್ತದೆ, ಕಂಡರೆ ಕಾಣಲಿ. ಸೆನ್ಸರ್ ಗೇಟಿನ ಎದುರಿನಿಂದ ಪಕ್ಕದ ಮೂಲೆಗೆ, ಅಡಿಕೆ ಹಂಡೆಗೆ ಬೆನ್ನು ಹಾಕಿ ಕೂತಿದೆ. ಬೋರ್ಡಿನಲ್ಲಿ ಯಾವುದು ಯಾವುದೆಂದು ದಿನವೂ ಗಲಾಟೆಯಾದ್ದರಿಂದ ಅಣ್ಣನ ಮಗ ಸ್ಕೆಚ್ ಪೆನ್ನಿನಲ್ಲಿ ಮೊದಲನೆಯದರ ಮೇಲೆ 'ತಾನೇ' ಎಂದೂ ಎರಡನೆಯದರ ಮೇಲೆ 'ನಾವೇ' ಎಂದೂ ಬರೆದಿದ್ದಾನೆ. ಆಟೋ, ಮ್ಯಾನುವಲ್ ಎಂದು ಬರೆದದ್ದಕ್ಕಿಂತ ಇದು ಎಲ್ಲರಿಗೂ ಬೇಗ ಅರ್ಥವಾಯಿತು.

ಸುಲಿಯುವ ಮೊದಲ ರಾತ್ರಿ 'ನಾವೇ' ಹಾಕಿ ಕೂತರು. ಹನ್ನೊಂದೂವರೆಯವರೆಗೆ ದೀಪ ಒಮ್ಮೆಯೂ ಮಿಟುಕಲಿಲ್ಲ. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಪ್ಪನ ಫೋನು ಬಂತು. ಅಂಗಳದಲ್ಲಿ ಅಡಿಕೆ ಒಣಗುತ್ತಿದೆಯಂತೆ, ಬಿಸಿಲು ಕಣ್ಣು ಕುಕ್ಕುತ್ತಿದೆಯಂತೆ, ಮೇಲೆ ದೀಪವೂ ಉರಿಯುತ್ತಿದೆಯಂತೆ. 'ಸೆನ್ಸರ್ ಹಾಳಾತಾ?' ಎಂದು ನಾನು ಕೇಳಿದೆ.

'ಸೆನ್ಸರ್ ಸರಿ ಇದ್ದು,' ಎಂದರು. 'ನಾವು ಮರೆತದ್ದು.'